ನೀಲಿ ಚಪ್ಪಲಿ

ನೀಲಿ ಚಪ್ಪಲಿ ಇವತ್ತೂ ಸಾಲಿನಲ್ಲಿತ್ತು. ಬಾರಿಗೆ ತಂತಿ ಸುತ್ತಿದ ಹಳೆಯ ಹವಾಯಿ. ಪ್ರತಿ ತಿಂಗಳಿನಂತೆ ರೇಖಾಳ ಚಪ್ಪಲಿಯ ಹಿಂದೆಯೇ.

ಹೊನ್ನಾವರದ ಈ ರೇಷನ್ ಅಂಗಡಿಯ ಮುಂದೆ ಜನ ನಿಲ್ಲುವುದಿಲ್ಲ, ಚಪ್ಪಲಿಗಳು ನಿಲ್ಲುತ್ತವೆ. ಸರ್ವರ್ ಯಾವಾಗ ಕೈಕೊಡುತ್ತದೋ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆಯೇ ಚಪ್ಪಲಿ ಬಿಟ್ಟು ನೆರಳಿಗೆ ಕೂರುವುದು, ಸರದಿ ಬಂದಾಗ ಹೋಗಿ ಹೆಬ್ಬೆಟ್ಟು ಒತ್ತುವುದು. ಚಪ್ಪಲಿಯಿಲ್ಲದ ಕಾರ್ಡಿಗೆ ಅಕ್ಕಿಯಿಲ್ಲ. ಎಲ್ಲರಿಗೂ ಸಮಪಾಲು ಎಂದು ಗೋಡೆಯ ಮೇಲೆ ಸರ್ಕಾರ ಬರೆಸಿದೆ. ಅದನ್ನು ಪಡೆಯುವ ಉಪಾಯ ಜನರೇ ಕಂಡುಕೊಂಡಿದ್ದಾರೆ. ಯಾರೂ ಗೊಣಗುವುದಿಲ್ಲ. ಆ ಗೊಣಗದಿರುವುದೇ ರೇಖಾಳಿಗೆ ಹೇಸಿಗೆ.

ಯಾಕೆಂದರೆ ನೀಲಿ ಚಪ್ಪಲಿ ಸುಕ್ರಿಯದು. ಮುದುಕಿ ಸುಕ್ರಿ ಸತ್ತು ವರ್ಷ ದಾಟಿತ್ತು. ಹಾಸಿಗೆ ಹಿಡಿದವಳೆಂದು ಹೆಬ್ಬೆಟ್ಟಿನ ವಿನಾಯಿತಿ ಪಡೆದಿದ್ದ ಅವಳ ಕಾರ್ಡು ಮಾತ್ರ ಇನ್ನೂ ಬದುಕಿತ್ತು. ಚಪ್ಪಲಿ ತಂದಿಡುವವಳು ಮೀನು ಮಾರುವ ಈರಮ್ಮ. ಅಂಗಡಿಯ ರಮಾನಂದನಿಗೂ ಗೊತ್ತು, ಇಡೀ ಕೇರಿಗೂ ಗೊತ್ತು.

"ಸತ್ತವಳ ಅಕ್ಕಿ ತಿನ್ನೋದು ಯಾರು ಅಕ್ಕಾ?" ರೇಖಾ ಬೇಕೆಂದೇ ಜೋರಾಗಿ ಕೇಳಿದಳು.

"ನಿಂಗೆಂತಕ್ಕೆ ಬಿಡೇ," ಎಂದಳು ಈರಮ್ಮ.

"ಥೂ! ಆ ಅನ್ನ ಗಂಟಲಲ್ಲಿ ಹೆಂಗೆ ಇಳೀತದೆ?"

ಈರಮ್ಮ ಅವಳನ್ನೇ ನೋಡಿದಳು. "ಹಸಿವಾದ್ರೆ ಇಳೀತದೆ."

ರೇಖಾಳಿಗೆ ಮೈಯೆಲ್ಲ ಉರಿಯಿತು. ಗಂಡ ಸಮುದ್ರದಿಂದ ಬಾರದೇ ಹೋದ ದಿನವೂ ನೆರೆಯವರ ಗಂಜಿಯನ್ನು ಹಿಂದಕ್ಕೆ ಕಳಿಸಿದವಳು ಅವಳು. ಸಿಗಡಿ ಸುಲಿಯುವ ಕೂಲಿಯಲ್ಲಿ ಮಗಳು ಶ್ರೇಯಾಳ ಶಾಲೆಯ ಖರ್ಚೇ ನೀಗುವುದಿಲ್ಲ; ಈ ಅಕ್ಕಿ ಬಾರದಿದ್ದರೆ ಒಲೆ ಹೊತ್ತುವುದಿಲ್ಲ. ಆದರೂ ಅದು ತನ್ನ ಹಕ್ಕಿನ ಅಕ್ಕಿ. ಯಾರ ಹಂಗಿನದೂ ಅಲ್ಲ.

ಸರದಿ ಬಂತು. ಐಸು ನೀರಿನಲ್ಲಿ ಸವೆದು ಬಿಳಚಿಕೊಂಡ ಹೆಬ್ಬೆಟ್ಟನ್ನು ಒತ್ತಿದಳು. ರಮಾನಂದ ಮಷಿನನ್ನು ತನ್ನ ಕಡೆ ತಿರುಗಿಸಿಕೊಂಡು ಏನೇನೋ ಒತ್ತಿದ.

"ಆತು. ಚೀಲ ಹಿಡಿ."

"ರಸೀದಿ?"

"ರೋಲ್ ಮುಗೀತು."

ಪ್ರತಿ ತಿಂಗಳೂ ಇದೇ ಸುಳ್ಳು. ಅವಳ ಚೀಲ ತುಂಬಿದ ಕೂಡಲೇ ಈರಮ್ಮ ನೀಲಿ ಚಪ್ಪಲಿ ಎತ್ತಿಕೊಂಡು ಬರಿಗೈಯಲ್ಲಿ ಹೊರಟಳು. ಆ ಚಪ್ಪಲಿಗೆ ಅಕ್ಕಿ ತೂಗಿದ್ದನ್ನು ರೇಖಾ ಒಮ್ಮೆಯೂ ಕಂಡಿಲ್ಲ. ಹಿತ್ತಲ ಬಾಗಿಲಿಂದ ಹೋಟೆಲಿಗೆ ಸಾಗಿಸುತ್ತಾರೆ, ಇನ್ನೇನು! ಕಳ್ಳರು. ಎಲ್ಲರೂ ಸೇರಿ ಕಳ್ಳರು.

ಮರುದಿನ ತಾಲ್ಲೂಕು ಕಚೇರಿಗೆ ಹೋಗಿ ದೂರು ಬರೆದುಕೊಟ್ಟಳು. ವಾರದೊಳಗೆ ಇನ್ಸ್‌ಪೆಕ್ಟರು ಬಂದರು, ಸುಕ್ರಿಯ ಕಾರ್ಡು ರದ್ದಾಯಿತು, ರಮಾನಂದನ ಕೈಗೆ ನೋಟಿಸು ಬಂತು. ಕೇರಿಯವರು ಅವಳನ್ನು ಬೈಯಲೂ ಇಲ್ಲ, ಮಾತಾಡಿಸಲೂ ಇಲ್ಲ. ಬೈಯುವ ಮುಖವಾದರೂ ಎಲ್ಲಿದೆ ಇವರಿಗೆ ಎಂದುಕೊಂಡಳು.

ಮುಂದಿನ ತಿಂಗಳು ಅವಳ ಚಪ್ಪಲಿಯ ಹಿಂದೆ ಜಾಗ ಖಾಲಿಯಿತ್ತು. ರೇಖಾ ತಲೆಯೆತ್ತಿ ಹೋಗಿ ಹೆಬ್ಬೆಟ್ಟು ಒತ್ತಿದಳು. ಮಷಿನು ಕಿರುಗುಟ್ಟಿತು. ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಮತ್ತೆ ಕಿರುಗುಟ್ಟಿತು. ಮೂರನೆಯ ಸಲವೂ ಅದೇ.

ರಮಾನಂದ ಮೊದಲ ಬಾರಿಗೆ ಮಷಿನಿನ ಕೆಂಪು ಪರದೆಯನ್ನು ಅವಳ ಕಡೆ ತಿರುಗಿಸಿದ.

"ನಿನ್ನ ಹೆಬ್ಬೆಟ್ಟು ಹತ್ತದೆ ಹನ್ನೊಂದು ತಿಂಗಳಾತು, ರೇಖಾ. ಇಷ್ಟು ದಿನ ನೀನು ಹೊತ್ಕಂಡು ಹೋಗಿದ್ದು ಸುಕ್ರಿ ಅಕ್ಕಿ."