ಅವ್ವನ ಗಂಟಲು

ಸತ್ತವರ ದನಿಯಲ್ಲಿ ಆರೋಗ್ಯ ವಿಚಾರಿಸುವ ಡಬ್ಬಿ ಆ ಸೋಲಿಗರ ಹಾಡಿಯ, ಅವರ ಮಾತಲ್ಲಿ ಪೋಡಿನ, ಮನೆಮನೆಯಲ್ಲೂ ಇತ್ತು. ಜಡೆಮ್ಮನ ಮನೆಯದು ತೀರಿಕೊಂಡ ಅವ್ವನ ದನಿಯಲ್ಲಿ, "ಮಾತ್ರೆ ನುಂಗಿದ್ಯಾ ಮಗಾ?" ಎಂದು ದಿನಾ ಕೇಳುತ್ತಿತ್ತು. ಹಿಂದೊಮ್ಮೆ ಕೆಮ್ಮಿನ ಅಧ್ಯಯನಕ್ಕೆಂದು ರೆಕಾರ್ಡ್ ಮಾಡಿಕೊಂಡಿದ್ದ ದನಿ ಅದು. ಜಡೆಮ್ಮನಿಗೆ ರೂಢಿಯಾಗಿಹೋಗಿತ್ತು.

ಇವತ್ತು ಸಂಶೋಧಕಿಯೊಬ್ಬಳು ಬಂದು, ಜಡೆಮ್ಮನ ರಕ್ತದ ವಿವರವನ್ನು ಡಬ್ಬಿ ಹಾಕಿಸಿದ್ದ ಔಷಧ ಕಂಪನಿಗೆ ಕೊಡಲು ಒಪ್ಪಿಗೆ ಕೇಳಿದಳು. ಜಡೆಮ್ಮ ಬಾಯಿ ತೆರೆಯುವ ಮೊದಲೇ ಡಬ್ಬಿ ಹೇಳಿತು: "ಹೂಂ ಅನ್ನು ಮಗಾ. ಒಳ್ಳೇದಕ್ಕೇ ಕೇಳ್ತಾವ್ರೆ."

ಜಡೆಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಡಬ್ಬಿಯನ್ನು ಗೋಡೆಯಿಂದ ಕಿತ್ತು ಸಂಶೋಧಕಿಯ ಕೈಗೆ ತುರುಕಿದಳು.

"ಪೋಡಿನೋರೆಲ್ಲ ಕೂತು ಮಾತಾಡ್ದೆ ನಮ್ಮವ್ವ ಯಾವತ್ತೂ ಯಾವ್ದಕ್ಕೂ ಹೂಂ ಅಂದೋಳಲ್ಲ. ಈ ಮಾತು ನಿಮ್ದು, ಗಂಟ್ಲು ಮಾತ್ರ ಅವಳ್ದು. ಗಂಟ್ಲನ್ನ ಇದ್ರಿಂದ ತೆಗ್ದು ಇಲ್ಲೇ ಬುಟ್ಟು, ನಿಮ್ಮ ಮಾತು ತಕ್ಕೊಂಡು ಹೋಗಿ."