ಚಿಗರಿಯ ಹಗ್ಗ

"ನಾಯಿನ್ನ ಒಳಗ ಬಿಡಂಗಿಲ್ರಿ," ಎಂದ, ಬಾದಾಮಿ ಕೋಟೆಯ ಬಾಗಿಲಲ್ಲಿ ಕೂತಿದ್ದ ಕಾವಲುಗಾರ.

ಹುಲ್ಲಪ್ಪ ವಾದಕ್ಕೆ ನಿಲ್ಲಲಿಲ್ಲ. ಮುಂಜಾನೆ ಐಹೊಳೆಯಲ್ಲೂ ಇದೇ ಮಾತು ಕೇಳಿ ಬಂದಿದ್ದ. ಹಿಂದಕ್ಕೆ ತಿರುಗಿಯೂ ನೋಡದೆ, ಹೆಂಡತಿ ಪದ್ಮವ್ವ ನಿಂತಿದ್ದ ಕಡೆಗೆ ನಾಯಿಯ ಹಗ್ಗ ಎಸೆದು, "ಹಿಡಿ, ಹಿಂಗ ಹೋಗಿ ಹಂಗ ಬರ್ತೇವಿ," ಎಂದು ಮೆಟ್ಟಿಲಿಗೆ ಕಾಲಿಟ್ಟ. ಹಗ್ಗ ನೆಲಕ್ಕೆ ಬಿತ್ತು.

ಈ ತಿರುಗಾಟ ಗೊತ್ತಾದಾಗಿನಿಂದ ಪದ್ಮವ್ವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಮಗ ಬೀರೇಶ ಹಳೆಯದೊಂದು ಕಾರು ಕೊಂಡಿದ್ದ. ಐಹೊಳೆಯ ಗುಡಿ, ಬಾದಾಮಿಯ ಕೋಟೆ, ಎರಡನ್ನೂ ಒಂದೇ ದಿನದಲ್ಲಿ ತೋರಿಸುತ್ತೇನೆ ಎಂದಿದ್ದ. ಆಕೆ ಕೋಳಿ ಕೂಗುವ ಮುಂಚೆ ಎದ್ದು ರೊಟ್ಟಿ ಬಡಿದು, ಟ್ರಂಕಿನಿಂದ ಇಳಕಲ್ ಸೀರೆ ತೆಗೆದುಟ್ಟು, ಉಳಿದವರು ಹಲ್ಲುಜ್ಜುವ ಹೊತ್ತಿಗೆ ಕಾರಿನಲ್ಲಿ ಕೂತಾಗಿತ್ತು. "ಚಿಗರಿ ಬಂದ್ರ ನಾ ಬರ್ತೇನಿ, ಇಲ್ಲಂದ್ರ ಇಲ್ಲ," ಎಂದು ಹಟ ಹಿಡಿದವನು ಹುಲ್ಲಪ್ಪ. ಚಿಗರಿ ಅವರ ಮನೆಯ ಮುಧೋಳ ನಾಯಿ. ಅದನ್ನು ಕಂಡರೆ ಅವನಿಗೆ ಪ್ರಾಣ. ಹಿಡಿದುಕೊಂಡು ಕೂರುವ ಕೆಲಸ ಮಾತ್ರ ಹೆಂಡತಿಯದು. ಐಹೊಳೆಯ ಗುಡಿಗಳನ್ನು ಪದ್ಮವ್ವ ಬೇಲಿಯಾಚೆಯಿಂದಲೇ ನೋಡಿದ್ದಳು.

ಬಾದಾಮಿಯ ಮಾತು ಬೇರೆ. ಪ್ರಾಯದಲ್ಲಿ ಗಂಡನ ಜೊತೆ ಕುರಿ ಹೊಡೆದುಕೊಂಡು ಎಷ್ಟೋ ಸಲ ಈ ಗುಡ್ಡದ ಬುಡದಲ್ಲೇ ಹಾದುಹೋಗಿದ್ದಳು. ಹುಲ್ಲಪ್ಪ ಪ್ರತಿ ಸಲ ಮೇಲೆ ಹತ್ತಿ ನೋಡಿ ಬರುತ್ತಿದ್ದ. ಕುರಿ ಕಾಯಲು ಒಬ್ಬರು ಬೇಕಲ್ಲ. "ಒಳಗ ಏನೈತ್ರಿ?" ಎಂದು ಕೇಳಿದರೆ, "ಏನೈತಿ, ಬರೇ ಕಲ್ಲು," ಎನ್ನುತ್ತಿದ್ದ. ಬರೇ ಕಲ್ಲು ನೋಡಲು ಯಾರಾದರೂ ಅಷ್ಟು ಸಲ ಹತ್ತುತ್ತಾರೆಯೇ ಎಂದು ಆಕೆಗೆ ಆಗಿನಿಂದಲೂ ಗುಮಾನಿ.

"ಹಗ್ಗ ಬಿತ್ತಲ್ಲ, ಹಿಡ್ಕೊ," ಎಂದ ಹುಲ್ಲಪ್ಪ, ಈಗ ತಿರುಗಿ.

"ಬಿದ್ದದ್ದು ನಿಮ್ಮ ಕೈಯಾಗಿಂದ," ಎಂದಳು ಪದ್ಮವ್ವ.

"ಅಲ್ಲ, ನಾಯಿ ಹಿಡ್ಯಾವ್ರು ಯಾರು ಮತ್ತ?"

"ಯಾರು ಕರ್ಕೊಂಡ ಬಂದಾರ, ಅವ್ರು."

"ನಾ ಹಿಡೀತೇನಿ ಬಿಡವ್ವಾ," ಎಂದು ಬೀರೇಶ ಬಗ್ಗಲು ಹೋದ. ಅವನ ಹೆಂಡತಿ ಸುಧಾರಾಣಿ ಯಾರಿಗೂ ಕಾಣದಂತೆ ಅವನ ತೋಳು ಚಿವುಟಿದಳು. ಬಗ್ಗಿದವನು ಚಪ್ಪಲಿ ಸರಿಮಾಡಿಕೊಂಡು ಎದ್ದ.

ಅಷ್ಟರಲ್ಲಿ ಗೋಡೆಯ ಮೇಲಿಂದ ಮಂಗವೊಂದು ಕೆಳಗೆ ಜಿಗಿಯಿತು. ಚಿಗರಿ ಬಾಣ ಬಿಟ್ಟಂತೆ ನೆಗೆಯಿತು. ಹಗ್ಗ ಸರಸರ ಜಾರಿಹೋಗುತ್ತಿದ್ದುದನ್ನು ನೋಡಿ ಹುಲ್ಲಪ್ಪನ ಜೀವ ಬಾಯಿಗೆ ಬಂತು. ಮೆಟ್ಟಿಲಿಂದ ಹಾರಿ, ಧೂಳಿನಲ್ಲಿ ಮೊಣಕಾಲೂರಿ, ಅಂತೂ ಹಗ್ಗದ ತುದಿ ಹಿಡಿದ.

"ಹಾಂ, ಗಟ್ಟಿ ಹಿಡ್ಕೊಂಡು ಕುಂಡ್ರಿ," ಎಂದು ಪದ್ಮವ್ವ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡಳು. ಗಂಡನಿಗೆ ಆಕೆ ಎದುರು ಮಾತಾಡಿದವಳೇ ಅಲ್ಲ ಎಂದೇನಿಲ್ಲ. ಬಾಯಿ ಜೋರು ಮಾಡಿದ್ದು ಬೇಕಾದಷ್ಟಿತ್ತು. ಆದರೆ ಅವನನ್ನು ಹಿಂದೆ ಬಿಟ್ಟು ಮುಂದೆ ಹೋದದ್ದು ಇದೇ ಮೊದಲು. ಮೊದಲ ಮೆಟ್ಟಿಲು ಹತ್ತುವಾಗ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು, ಆಮೇಲೆ ನೋಡಲಿಲ್ಲ.

ಎರಡು ಬಂಡೆಗಳ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ಆಕೆ ಎರಡೂ ಕಡೆಯ ಗೋಡೆ ಸವರುತ್ತ ನಡೆದಳು. ತಂಪಾದ ಕಲ್ಲಿಗೆ ಕೆನ್ನೆ ತಾಗಿಸಿ ನೋಡಿದಳು. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ತಿರುಗಿದರೆ ಮತ್ತೆ ಮೆಟ್ಟಿಲು. "ಅತ್ತಿ, ಸ್ವಲ್ಪ ನಿಲ್ರಿ," ಎಂದು ಸುಧಾರಾಣಿ ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದಳು, ಬೀರೇಶ ಅವಳಿಗಿಂತ ಹಿಂದೆ. ಮೇಲೆ ಬಂದಾಗ ಇಡೀ ಬಾದಾಮಿ ಕಾಲ ಕೆಳಗಿತ್ತು: ಹಸಿರು ನೀರಿನ ಹೊಂಡ, ಅದರ ದಂಡೆಯ ಗುಡಿ, ಎದುರಿನ ಕೆಂಪು ಗುಡ್ಡ, ಒತ್ತೊತ್ತಾಗಿ ಕೂತ ಮನೆಗಳು. ಪದ್ಮವ್ವನಿಗೆ ಖುಷಿಯಿಂದ ಕಣ್ಣು ತುಂಬಿ ಬಂದವು.

"ನಿಮ್ಮ ಮಾವ ಇದಕ್ಕ ಬರೇ ಕಲ್ಲು ಅಂತಿದ್ರವ್ವ," ಎಂದು ಸೊಸೆಗೆ ಹೇಳಿ, ಸಿಟ್ಟೋ ನಗುವೋ ತನಗೇ ತಿಳಿಯದೆ ಗೋಡೆಗೆ ಒಂದು ಪೆಟ್ಟು ಕೊಟ್ಟಳು.

ಸುಧಾರಾಣಿ ಬಗ್ಗಿ ನೋಡಿದಳು. ಕೆಳಗೆ ಹುಲ್ಲಪ್ಪ ಚಿಗರಿಯನ್ನು ಮೊಣಕಾಲ ನಡುವೆ ಅವುಚಿಕೊಂಡು ಕೂತಿದ್ದ. ಇವರನ್ನು ಕಂಡಿದ್ದೇ ಎದ್ದು, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಬೀಸತೊಡಗಿದ.

"ಅತ್ತಿ, ಮಾವಾರು ಕರ್ಯಾಕತ್ತಾರ್ರಿ. ಇಳಿಯೂಣೇನ್ರಿ?"

ಪದ್ಮವ್ವ ಕೆಳಗೆ ನೋಡಿದಳು. ಗಂಡ ಮರಿಕುರಿಯಷ್ಟು ಕಾಣುತ್ತಿದ್ದ. ಆಕೆಯೂ ಕೈ ಎತ್ತಿ, ಬಳೆ ಸದ್ದಾಗುವಂತೆ, ಅವನಿಗೆ ಸಮಾಧಾನವಾಗುವಷ್ಟು ಬೀಸಿದಳು. ಆಮೇಲೆ ಸೆರಗು ಸೊಂಟಕ್ಕೆ ಬಿಗಿದು ಮೇಲಿನ ಮೆಟ್ಟಿಲುಗಳ ಕಡೆ ತಿರುಗಿದಳು.

"ತಡೀಯವ್ವ. ಮ್ಯಾಲ ಇನ್ನೊಂದು ಬಾಗಲಾ ಕಾಣಾಕತ್ತೈತಿ."