ಕುಳಿಯಿಲ್ಲದ ಕೆನ್ನೆ

ಬಂದವನ ಮುಖದಲ್ಲಿ ಒಂದೇ ಒಂದು ಕುಳಿ ಇರಲಿಲ್ಲ.

ದುಗ್ಗಪ್ಪನಿಗೆ ಅಷ್ಟು ಸಾಕಿತ್ತು. ಸೀತು ಅತ್ತೆಯ ಮಗ ಚೆನ್ನಪ್ಪನ ಮುಖ ಹೇಗಿತ್ತೆಂದು ಸವಣೂರಿನ ಹಳಬರೆಲ್ಲ ಬಲ್ಲರು. ಚಿಕ್ಕಂದಿನಲ್ಲಿ ಸಿಡುಬು ಬಂದು, ಎರಡೂ ಕೆನ್ನೆ ಮಳೆಹನಿ ಬಿದ್ದ ಹೊಯಿಗೆಯ ಹಾಗಾಗಿತ್ತಂತೆ. ಹದಿನಾರಕ್ಕೆ ಬೊಂಬಾಯಿಯ ಹೋಟೆಲಿಗೆ ಹೋದವನು ಇತ್ತ ತಲೆ ಹಾಕಿರಲಿಲ್ಲ. ಈಗ, ಎಂಬತ್ತೈದನೆಯ ಇಸವಿಯಲ್ಲಿ, ಸಫಾರಿ ಸೂಟು ತೊಟ್ಟು, ಬೆಣ್ಣೆಯಂಥ ಕೆನ್ನೆ ಹೊತ್ತು ಬಂದವನೊಬ್ಬ ‘ನಾನೇ ಚೆನ್ನಪ್ಪ’ ಎಂದರೆ?

ದುಗ್ಗಪ್ಪ ನಂಬುವ ಹಾಗಿರಲಿಲ್ಲ. ನಂಬಿದರೆ ಅವನ ಸೈಕಲ್ ಶಾಪು ಹೋಗುತ್ತಿತ್ತು. ಶಾಪು ಇದ್ದದ್ದು ಅತ್ತೆಯ ಜಾಗದಲ್ಲಿ, ಬಸ್ಸು ನಿಲ್ಲುವಲ್ಲೇ. ಅತ್ತೆ ನರಿಮೊಗರಿಗೆ, ತಂಗಿಯ ಮನೆಗೆ ಹೋಗಿದ್ದಳು. ಬಂದವನು ಅಲ್ಲಿಗೆ ಹೋಗಲಿಲ್ಲ. ಎಡಗಾಲನ್ನು ತುಸು ಎಳೆಯುತ್ತ, ಹೆಜ್ಜೆ ಹಾಕಿ ಜಾಗ ಅಳೆದ. ಇಲ್ಲಿ ಲಾಡ್ಜ್ ಕಟ್ಟಿಸುತ್ತೇನೆ ಎಂದ. ತಾಯಿಗಿಂತ ಮೊದಲು ಜಾಗ ನೋಡಿದ ಮಗ!

“ಹಾಗಾದ್ರೆ ಕುಳಿಗಳೆಲ್ಲ ಎಲ್ಲಿಗೆ ಹೋದವು ಮಾರಾಯ್ರೆ?” ದುಗ್ಗಪ್ಪ ಕೇಳಿದ.

“ಇಂಜೆಕ್ಷನ್ ಕೊಟ್ಟು ತುಂಬಿಸಿದ್ದು.”

“ಪಂಚಾಯತಿನವರು ರಸ್ತೆಗೆ ಮಣ್ಣು ತುಂಬಿಸಿದ ಹಾಗೆಯಾ?”

ಶಾಪಿನ ಬೆಂಚಿನಲ್ಲಿ ಕೂತಿದ್ದ ತ್ಯಾಂಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಊರಿನ ಪಂಚಾಯಿತಿಕೆಗೆಲ್ಲ ಇವನೇ ಹಿರಿಯ.

ನಕ್ಕರೂ ದುಗ್ಗಪ್ಪನಿಗೆ ಒಳಗೊಳಗೆ ಅಳುಕು. ಮರುದಿನ ಪುತ್ತೂರಿಗೆ ಹೋಗಿ ಡಾಕ್ಟರ್ ಮಹಾಗಣಪತಿಯವರನ್ನು ಕೇಳಿದ. ಅವರು ಅವನ ಗ್ರೀಸು ಮೆತ್ತಿದ ಮುಖವನ್ನೇ ನೋಡಿದರು.

“ನಿನಗಾ?”

“ಅಲ್ಲ ಡಾಕ್ಟ್ರೆ, ಅಂಥದ್ದು ಉಂಟಾ ಅಂತ.”

“ಉಂಟು. ಎರಡು ಬಗೆ. ಒಂದು ಕೊಲಾಜನ್ ಅಂತ, ದನದ ಚರ್ಮದಿಂದ ತೆಗೆಯುದು. ಆರೆಂಟು ತಿಂಗಳಲ್ಲಿ ಕರಗಿ ಹೋಗ್ತದೆ, ಕುಳಿ ಇದ್ದ ಹಾಗೇ ತಿರುಗಿ ಬರ್ತದೆ. ಇನ್ನೊಂದು ಸಿಲಿಕೋನ್. ಎಣ್ಣೆಯ ಹಾಗೆ ಇರ್ತದೆ. ಅದು ಕರಗುದಿಲ್ಲ. ಬೇಡ ಅಂದ್ರೂ ತೆಗೀಲಿಕ್ಕೆ ಆಗುದಿಲ್ಲ, ಕೆಲವರಿಗೆ ಒಳಗೇ ಗಂಟು ಕಟ್ತದೆ. ಮೇಲೆ ಹಚ್ಚಿದ ಎಣ್ಣೆ ಸಾಲದು ಅಂತ ಒಳಗೂ ಹಾಕಿಸ್ತಾರೆ. ಹುಚ್ಚಿಗೆ ಮದ್ದು ಉಂಟಾ?”

ಬಸ್ಸಿನಲ್ಲಿ ದುಗ್ಗಪ್ಪ ಲೆಕ್ಕ ಹಾಕಿದ. ದನದ್ದಾದರೆ ಆರೆಂಟು ತಿಂಗಳು ಕಾಯೋಣ ಎಂದು ಊರವರು ಹೇಳುತ್ತಾರೆ. ಕುಳಿ ಮೇಲೆದ್ದರೆ ಶಾಪು ಮುಳುಗಿತು. ದೇವರಿಗೆ ಒಂದು ತೆಂಗಿನಕಾಯಿ ಒಡೆಯಲಿಕ್ಕೂ ಹಿಂದೆಮುಂದೆ ನೋಡುವವನು ಆ ದಿನ ಸಿಲಿಕೋನಿಗಾಗಿ ಹರಕೆ ಹೊತ್ತ.

ಭಾನುವಾರ ಸೀತು ಅತ್ತೆ ನರಿಮೊಗರಿನಿಂದ ಬಂದಳು. ಜಗಲಿಯಲ್ಲಿ ಊರೇ ಸೇರಿತ್ತು.

ಅವಳಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ದುಗ್ಗಪ್ಪ ಹುಟ್ಟುವ ಮೊದಲಿನಿಂದಲೂ ಹಾಗೆಯೇ. ಆದರೆ ಬೀಡಿ ಕಟ್ಟಿ ಕಟ್ಟಿ ಬೆರಳುಗಳು ಕಣ್ಣಾಗಿದ್ದವು. ಎಲೆಯಲ್ಲಿ ಕೂದಲೆಳೆಯಷ್ಟು ಹರಿದಿದ್ದರೂ ತೆಗೆದು ಆಚೆಗೆಸೆಯುತ್ತಿದ್ದಳು. ಆ ಬೆರಳು ಹೇಳಿದ್ದೇ ತೀರ್ಪು ಎಂದು ತ್ಯಾಂಪಣ್ಣ ಸಾರಿದ. ಬಂದವನೂ ಒಪ್ಪಿದ. ಮೆಟ್ಟಿಲು ಹತ್ತಿ ಬಂದು ಅವಳ ಮುಂದೆ ಕೂತ.

ಬೆರಳು ಹಣೆ ಸವರಿತು, ಮೂಗು ಸವರಿತು, ಕೆನ್ನೆಗೆ ಬಂದು ನಿಂತಿತು.

“ಇಲ್ಲಿ ಇದ್ದದ್ದು ಎಲ್ಲಿ?”

“ತುಂಬಿಸಿದೆ ಅಮ್ಮ. ಒಂದು ಹೆಣ್ಣು ನೋಡಿ ಇಟ್ಟಿದ್ದೇನೆ, ದೊಡ್ಡ ಮನೆಯವರು. ನಿಮ್ಮ ಮನೆಗೆ ಸಿಡುಬು ಬಂದಿತ್ತಾ ಅಂತ ಕೇಳ್ತಾರೆ. ಇನ್ನು ಬರಲೇ ಇಲ್ಲ ಅಂತ ಹೇಳಬಹುದು.”

ಬೆರಳು ಮತ್ತೊಮ್ಮೆ ಕೆನ್ನೆಯ ಮೇಲೆ ಹೋಗಿ ಬಂತು.

“ಇದು ಇಳಿದು ಹೋಗ್ತದಾ?”

ದುಗ್ಗಪ್ಪ ತನ್ನ ಹರಕೆಯನ್ನು ದೇವರಿಗೆ ಮತ್ತೊಮ್ಮೆ ನೆನಪಿಸಿದ.

“ಇಳಿದು ಹೋಗುವಂಥದ್ದೂ ಉಂಟು, ದನದ್ದು. ಮೊದಲು ಅದನ್ನೇ ಹಾಕಿಸಿ ನೋಡಿ ಅಂತ ಡಾಕ್ಟ್ರು ಹೇಳಿದ್ರು. ನಾನು ಬೇಡ ಅಂದೆ. ಆ ದರಿದ್ರ ಮತ್ತೆ ಯಾಕೆ ತಿರುಗಿ ಬರಬೇಕು? ಶಾಶ್ವತದ್ದೇ ಹಾಕಿಸಿದೆ.”

“ತಿರುಗಿ ಬರುದೇ ಇಲ್ವಾ?”

“ಇಲ್ಲವೇ ಇಲ್ಲ ಅಮ್ಮ!” ಬಹುಮಾನ ಬಂದವನ ಹಾಗೆ ಹೇಳಿದ.

ಸೀತು ಕೈ ತೆಗೆದಳು. ಸೆರಗಿಗೆ ಒರೆಸಿಕೊಂಡಳು.

“ಇವ ನನ್ನ ಮಗ ಅಲ್ಲ. ಬಸ್ಸಿಗೆ ಹತ್ತಿಸಿ.”

“ಅಮ್ಮ, ನನ್ನ ಸ್ವರವೂ ಗುರ್ತ ಸಿಗುದಿಲ್ವಾ?” ಬೆಣ್ಣೆ ಕೆನ್ನೆ ಬಿಳಚಿತು.

“ಸ್ವರಕ್ಕೂ ಬೊಂಬಾಯಿಯಲ್ಲಿ ಇಂಜೆಕ್ಷನ್ ಇರಬಹುದು,” ಎಂದ ತ್ಯಾಂಪಣ್ಣ. ಊರು ನಕ್ಕಿತು. ಊರಿಗೆ ನಗಲಿಕ್ಕೆ ಹೆಚ್ಚು ಬೇಡ.

ಸೂಟ್‌ಕೇಸನ್ನು ದುಗ್ಗಪ್ಪನೇ ಹೊತ್ತ. ಮದುವೆಯ ದಿಬ್ಬಣಕ್ಕೂ ಅಷ್ಟು ಉತ್ಸಾಹದಿಂದ ಅವನು ಹೆಗಲು ಕೊಟ್ಟವನಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತು, ಹಾರುತ್ತ ಜಗಲಿಗೆ ಹಿಂತಿರುಗಿದ.

ಸೀತು ಆಗಲೇ ಬೀಡಿಯ ಮೊರ ಹಿಡಿದು ಕೂತಿದ್ದಳು.

“ಎಂಥ ಕಳ್ಳ ಅತ್ತೆ! ನಿಮ್ಮ ಬೆರಳಿಗೆ ಸಿಕ್ಕಿಬಿದ್ದ ನೋಡಿ!”

“ನೀನು ನಗಬೇಡ. ಆ ಶಾಪಿಗಾಗಿ ನೀನು ಯಾರನ್ನು ಬೇಕಾದ್ರೂ ಕಳ್ಳ ಮಾಡ್ತಿ.” ಅವಳು ಎಲೆಗೆ ಹೊಗೆಸೊಪ್ಪು ಹಾಕಿ ಸುರುಳಿ ಸುತ್ತಿದಳು. “ಮೆಟ್ಟಿಲು ಹತ್ತುವಾಗಲೇ ಗೊತ್ತಾಯ್ತು. ಎಡಗಾಲು ಎಳೆಯುದು, ಅಪ್ಪನ ಹಾಗೆ.”

ದುಗ್ಗಪ್ಪನ ನಗು ಬಾಯಲ್ಲೇ ಉಳಿಯಿತು. “ಹಾಗಾದ್ರೆ ಅವ...?”

“ಚೆನ್ನಪ್ಪನೇ.” ನೂಲು ಕಟ್ಟಿದಳು. “ಸಿಡುಬು ಬಂದಾಗ ಅವನನ್ನು ಹೊರಗೆ ದನದ ಹಟ್ಟಿಯಲ್ಲಿ ಹಾಕು ಅಂದ್ರು ಎಲ್ಲರೂ. ನಾನು ಮಗ್ಗುಲಲ್ಲೇ ಮಲಗಿಸಿಕೊಂಡೆ. ಅವನಿಗೆ ಇಳಿಯಿತು. ನನಗೆ ಹತ್ತಿತು.”

ಆ ಸಿಡುಬಿಗೆ ಸೀತು ಕಳಕೊಂಡದ್ದು ಎರಡು ಕಣ್ಣು, ಒಬ್ಬ ಮಗ.